ಜಾನ್ ಔಟ್

ಕೊರಿಯಾದ ಸುವೊನ್ ನಗರದ ಆ ಅಪಾರ್ಟ್‌ಮೆಂಟಿನಲ್ಲಿ ಹೇರಿಮ್ ಎಂಬ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರ ಬಾಯಲ್ಲೂ ಅವಳು ‘ರಾವೊನ್‌ನ ಅಮ್ಮ’. ಚಿಂತೆ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಮಗ ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಮೂಗು ಕಟ್ಟಿದೆ. ಇಂಗ್ಲಿಷ್ ಶಿಶುವಿಹಾರದಲ್ಲಿ ಅವನಿಗೊಂದು ಸೀಟು ಸಿಗುವಷ್ಟರಲ್ಲಿ ಅವಳ ಅರ್ಧ ಕೂದಲು ಉದುರಿತ್ತು.

ಅವತ್ತು ಸಂಜೆ ಮಗನನ್ನು ಕರೆತರಲು ಹೋದಾಗ ಜಾನ್ ಮೇಷ್ಟ್ರು ತಮ್ಮ ಮುರುಕು ಕೊರಿಯನ್‌ನಲ್ಲಿ, "ರಾವೊನ್ ದಿನಾ ಜಾನ್ ಔಟ್ ಮಾಡ್ತಾನೆ" ಎಂದು ನಕ್ಕು, ಇನ್ನೊಬ್ಬ ತಾಯಿಯ ಕಡೆ ತಿರುಗಿದರು. ಹೇರಿಮ್ ಮಗನನ್ನು ಎಳೆದುಕೊಂಡು ಮನೆಗೆ ಓಡಿದಳು.

"ಅತ್ತೆ, ನಿಮ್ಮ ಮೊಮ್ಮಗ ದಿನಾ ‘ಜಾನ್, ಆಚೆ ಹೋಗು’ ಅಂತಾನಂತೆ! ಸೀಟು ಹೋಯ್ತು ಅಂತಲೇ ಲೆಕ್ಕ."

ಕಿಮ್ಚಿಗೆ ಮೂಲಂಗಿ ಹೆಚ್ಚುತ್ತಿದ್ದ ಅತ್ತೆಯ ಮುಖ ಅರಳಿತು. "ಗೇಣುದ್ದ ಇದಾನೆ, ಮೇಷ್ಟ್ರನ್ನೇ ಓಡಿಸ್ತಾನಾ? ಅವನ ತಾತನ್ನ ನಾನೂ ಹಂಗೇ ಓಡಿಸ್ತಿದ್ದೆ. ನನ್ನದೇ ರಕ್ತ ಬಿಡು!"

"ತಮಾಷೆ ಮಾಡ್ಬೇಡಿ ಅತ್ತೆ."

"ಔಟ್ ಅಂದಿದ್ದು ತಪ್ಪಾದ್ರೆ, ಹೋಗಿ ಇನ್ ಅಂದ್ಬಿಡೇ. ಮುಗೀತು."

ಮಗನನ್ನೇ ವಿಚಾರಿಸೋಣವೆಂದರೆ, ಅವನು ಗೋಡೆ ನೋಡುತ್ತ ಕೂತಿದ್ದ. ಕೂಗಿದ್ದು ಕೇಳಿಸಲೇ ಇಲ್ಲ.

ಮರುದಿನ ಮಗನನ್ನು ಕರೆದುಕೊಂಡು ಹೋದ ಹೇರಿಮ್ ಮೇಷ್ಟ್ರ ಮುಂದೆ ಸೊಂಟ ಮುರಿಯುವಷ್ಟು ಬಗ್ಗಿದಳು. "ಸಾರಿ ಸರ್! ಜಾನ್ ಇನ್! ಜಾನ್ ಇನ್!"

ಪಾಪ, ಜಾನ್ ತೆಪ್ಪಗೆ ತರಗತಿಯೊಳಗೆ ಹೋಗಿ ನಿಂತರು. ಅವಳು ಹಿಂದೆಯೇ ಹೋಗಿ ಮತ್ತೆ ಬಗ್ಗಿದಳು. "ಮಗು ಜಾನ್ ಔಟ್ ಅಂದಿದ್ದಕ್ಕೆ ತಪ್ಪಾಯ್ತು ಸರ್, ಅವನನ್ನ ಕಳಿಸಿಬಿಡಬೇಡಿ."

ಆಗ ಅವರಿಗೆ ಹೊಳೆಯಿತು. "ಅಯ್ಯೋ, ಆ ಜಾನ್ ನಾನಲ್ಲ! ಝೋನ್, ಝೋನ್ ಔಟ್!" ಕೊರಿಯನ್ ಕಿವಿಗೆ ಎರಡೂ ಒಂದೇ, ಬರವಣಿಗೆಯಲ್ಲೂ ಒಂದೇ ಎಂಬುದನ್ನು ಅವರು ಮರೆತಿದ್ದರು. ಕೊನೆಗೆ ಪುಟ್ಟ ಕುರ್ಚಿಯಲ್ಲಿ ಕೂತು, ಬಾಯಿ ಅರೆತೆರೆದು, ಕಿಟಕಿಯಾಚೆ ಕಣ್ಣು ನೆಟ್ಟರು.

"ಓ, ಮೊಂಗ್ ಹೊಡೆಯೋದು! ಮೈಮರೆತು ಕೂರೋದು!" ಹೇರಿಮ್ ಚಪ್ಪಾಳೆ ತಟ್ಟಿದಳು. "ಹಾಗಾದ್ರೆ ಸೀಟು?"

"ಎಲ್ಲೂ ಹೋಗಿಲ್ಲ."

ಮಗುವಿನ ಗಮನ ಹಿಡಿದಿಡುವುದು ಹೇಗೆಂದು ಜಾನ್ ವಿವರಿಸತೊಡಗಿದರು: ನಿದ್ದೆ ಸಾಕಷ್ಟಿರಲಿ, ಮೊಬೈಲ್ ಕಡಿಮೆಯಾಗಲಿ... ಹೇರಿಮ್ ತಲೆಯಾಡಿಸಿದಳು. ಸೀಟು ಉಳಿದ ನೆಮ್ಮದಿಗೆ, ಎಷ್ಟೋ ತಿಂಗಳಾದ ಮೇಲೆ ಅವಳ ತಲೆ ಖಾಲಿಯಾಗಿತ್ತು. ಹೊರಗೆ ಗಿಂಕ್ಗೊ ಮರದ ಹಳದಿ ಎಲೆಯೊಂದು ಓಲಾಡುತ್ತ ಇಳಿಯುತ್ತಿತ್ತು.

ಮೇಷ್ಟ್ರು ಏನೋ ಕೇಳಿದರು. ಅವಳ ಕಣ್ಣು ಎಲೆಯ ಜೊತೆಗೇ ಇಳಿಯುತ್ತಿತ್ತು. ಮತ್ತೆ ಕೇಳಿದರು.

ರಾವೊನ್ ತನ್ನ ಅಮ್ಮನ ಮುಖವನ್ನೊಮ್ಮೆ ನೋಡಿ, ಮೇಷ್ಟ್ರಿಗೆ ಗುಟ್ಟಾಗಿ ತಿಳಿಸಿದ: "ಅಮ್ಮ ಜಾನ್ ಔಟ್."