ಅವ್ವ ಒಪ್ಪಿಕೊಂಡ ತಪ್ಪು

ಖಾನಾಪುರದ ನಮ್ಮ ಮನೆಯಲ್ಲಿ ಕುಕ್ಕರ್ ಸಿಡಿದು ಅವ್ವನ ಬಲಗೈ ಮೊಣಕೈವರೆಗೆ ಸುಟ್ಟಿತು. ಆಗಷ್ಟೇ ಕೊಂಡ ಹೊಸ ಕುಕ್ಕರ್. ಗಾಯ ಮಾಯುವ ಮೊದಲೇ ಕಂಪನಿಯವನೊಬ್ಬ ಬಂದು ವಿಚಾರಿಸಿಕೊಂಡು ಹೋದ. ಆಮೇಲೆ ಬಂದ ಉತ್ತರದಲ್ಲಿ, ಕುಕ್ಕರಿನಲ್ಲಿ ದೋಷವಿಲ್ಲ, ಬಳಸಿದವರು ತಮ್ಮ ತಪ್ಪನ್ನು ತಾವೇ ಒಪ್ಪಿಕೊಂಡಿದ್ದಾರೆ ಎಂದಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ತಾಲ್ಲೂಕು ಕಚೇರಿಯ ಅರ್ಧ ಮಂದಿಗೆ ಮಧ್ಯಾಹ್ನದ ಊಟದ ಡಬ್ಬಿ ಕಟ್ಟಿ ಕಳಿಸುವವಳು ಅವ್ವ. ಅವಳಿಗೆ ಕುಕ್ಕರ್ ಮುಚ್ಚಲು ಬರುವುದಿಲ್ಲವಂತೆ! ಆದರೆ ಸುದ್ದಿ ಹಬ್ಬಿತು. ವಯಸ್ಸಾಯಿತು, ಮರೆವು ಬಂದಿದೆ ಎಂದರು. ಡಬ್ಬಿಗಳು ಒಂದೊಂದಾಗಿ ನಿಂತವು. ಅದಕ್ಕಿಂತ ಕೆಟ್ಟದ್ದೆಂದರೆ ಅವ್ವನೇ ಅದನ್ನು ನಂಬತೊಡಗಿದಳು. ತಪ್ಪಾಯಿತು ಎಂದು ಆ ಕಂಪನಿಯವನ ಮುಂದೆ ಅಂದದ್ದು ಖರೆ, ಯಾಕೆ ಅಂದೆನೋ ನೆನಪಿಲ್ಲ ಎನ್ನುತ್ತಿದ್ದಳು. ಕೈ ಮಾಯ್ದರೂ ಒಲೆಯ ಹತ್ತಿರ ಸುಳಿಯಲಿಲ್ಲ.

ಬೆಳಗಾವಿಯಲ್ಲಿ ನೌಕರಿ ಮಾಡುವ ನಾನು ರಜೆ ಹಾಕಿ ವಕೀಲರನ್ನು ಹುಡುಕಲು ಹೊರಟೆ. ನಮ್ಮಲ್ಲಿ ವಕೀಲರಿಗೇನು ಬರವೇ? ಹೊಲದ ಬಾಂದಿನ ಗಡಿಜಗಳಕ್ಕೆ ಒಬ್ಬರು, ಗಂಡಹೆಂಡಿರು ಬಿಡುವ ಸೋಡಚೀಟಿಗೆ ಒಬ್ಬರು. ಬೆಳಗಾವಿಯದೇ ಸದಾಶಿವನಗರದ ದೊಡ್ಡ ವಕೀಲರೊಬ್ಬರು ಕುಕ್ಕರ್ ಎನ್ನುತ್ತಲೇ ನಕ್ಕರು. ಇನ್ನೊಬ್ಬರು, ತಪ್ಪು ಒಪ್ಪಿಕೊಂಡ ಮೇಲೆ ಉಳಿದದ್ದೇನು, ಬಿಟ್ಟುಬಿಡಿ ಎಂದು ಬುದ್ಧಿ ಹೇಳಿದರು. ನನಗೆ ಬುದ್ಧಿ ಬೇಕಾಗಿರಲಿಲ್ಲ, ವಕೀಲರು ಬೇಕಾಗಿದ್ದರು.

ಕೊನೆಗೆ ಪೀರನವಾಡಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಅವರು ಸಿಕ್ಕರು. ನನ್ನದೇ ವಯಸ್ಸಿನ ಹೆಂಗಸು, ಹುಟ್ಟಿದ್ದು ಖಾನಾಪುರದಲ್ಲೇ. ಕೆಟ್ಟ ಮಾಲು ಮಾಡಿದವರು ಅದರಿಂದಾದ ಹಾನಿಯನ್ನೂ ಹೊರಬೇಕು, ಅದಕ್ಕೆ ಕಾನೂನಿದೆ ಎಂದರು. ಮೊದಲು ಕೇಳಿದ್ದು, ಕುಕ್ಕರ್ ತಿಕ್ಕಿ ತೊಳೆದಿಲ್ಲ ತಾನೇ ಎಂದು. ತೊಳೆಯಲು ಎತ್ತಿಕೊಂಡಿದ್ದ ಅವ್ವನ ಕೈಯಿಂದ ನಾನೇ ಅದನ್ನು ಕಿತ್ತಿಟ್ಟಿದ್ದೆ. ಗ್ರಾಹಕರ ಆಯೋಗದಲ್ಲಿ ದೂರು ಹೂಡಿದೆವು; ಬೇಳೆ ಮೆತ್ತಿದ ಆ ಕುಕ್ಕರ್ ಪರೀಕ್ಷೆಗೆ ಹೋಯಿತು. ಅದರ ಸೇಫ್ಟಿ ವಾಲ್ವ್ ಕೆಲಸವನ್ನೇ ಮಾಡಿರಲಿಲ್ಲ. ಆದರೂ ಕಂಪನಿಯವರು ಅವ್ವನ ತಪ್ಪೊಪ್ಪಿಗೆಯನ್ನೇ ಹಿಡಿದು ಜಗ್ಗಿದರು.

ವಕೀಲರು ಅವ್ವನನ್ನು ಕರೆಸಿ, ಆ ಮನುಷ್ಯ ಬಾಗಿಲಿಗೆ ಬಂದಲ್ಲಿಂದ ಎಲ್ಲ ಹೇಳಿಸಿದರು. ಕುಂದರ್ರಿ ಅಂದೆ, ಎಡಗೈಯಿಂದ ನೀರು ಕೊಟ್ಟೆ ಎಂದಳು ಅವ್ವ.

"ಚಹಾ ಕೊಟ್ರೇನ್ರಿ, ಕಾಕೂ?" ಚಿಕ್ಕಮ್ಮನನ್ನು ಕರೆದಂತೆ ಕೇಳಿದರು ವಕೀಲರು.

ಅವ್ವ ತಲೆ ತಗ್ಗಿಸಿದಳು. ಸುಟ್ಟ ಕೈಯಲ್ಲಿ ಎಲ್ಲಿಂದ ಚಹಾ! ವಕೀಲರು ನಕ್ಕು ಫೈಲು ಮುಚ್ಚಿದರು.

ವಿಚಾರಣೆಯ ದಿನ ಗ್ರಾಹಕರ ಆಯೋಗದ ಅನುಮತಿ ಪಡೆದು ಅವರು, ಅಂದು ಮನೆಗೆ ಬಂದಿದ್ದ ಕಂಪನಿಯವನನ್ನು ಕೇಳಿದರು.

"ಅವತ್ತ ಅವರ ಮನ್ಯಾಗ ಚಹಾ ಕುಡದ್ರೇನ್ರಿ?"

"ಇಲ್ರಿ. ಕೈ ಸುಟ್ಟೈತಿ, ಮನೀಗೆ ಬಂದವರಿಗೆ ಒಂದ್ ಕಪ್ ಚಹಾ ಕೊಡಾಕ ಆಗ್ಲಿಲ್ಲ, ತಪ್ಪಾತ್ರಿ ಅಂದ್ರು."

"ಬ್ಯಾರೆ ಏನರ ತಪ್ಪ ಒಪ್ಪಿಕೊಂಡ್ರೇನ್ರಿ?"

ಅವನು ತನ್ನ ವಕೀಲರ ಮುಖ ನೋಡಿದ. ಅವರು ಸೂರು ನೋಡುತ್ತಿದ್ದರು.

"ಇಲ್ರಿ," ಅಂದ.

ಅಲ್ಲೇ ಎದ್ದು ಕುಣಿಯಬೇಕೆನಿಸಿತು ನನಗೆ. ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದ್ದಕ್ಕೆ ನಮ್ಮ ಕಡೆಯ ಹೆಂಗಸರು ಹೇಳುವ ಮಾತನ್ನು ಅಪರಾಧವೆಂದು ಬರೆದುಕೊಂಡು ಹೋಗಿದ್ದನಲ್ಲ, ಮಹಾಶಯ!

ತಪ್ಪು ಕಂಪನಿಯದೇ ಎಂದು ಆದೇಶವಾದ ದಿನ ಅವ್ವನೂ ನಾನೂ ಖಾನಾಪುರದ ಬಸ್‌ ಸ್ಟ್ಯಾಂಡಿನಲ್ಲಿ ಇಳಿದೆವು. ತಾಲ್ಲೂಕು ಕಚೇರಿಯ ನಾಲ್ಕಾರು ಮಂದಿ ಬಸ್ಸಿಗೆ ಕಾಯುತ್ತಿದ್ದರು. ಅವ್ವ ಅವರ ಎದುರಿಗೇ ಹೋಗಿ ನಿಂತಳು.

"ತಪ್ಪ ನಂದಲ್ಲಂತ ತೀರ್ಪಾತ್ರಿ. ನಾಳಿಂದ ಡಬ್ಬಿ ಚಾಲೂ. ಯಾರ್ಯಾರಿಗೆ ಬೇಕು, ಈಗ ಹೇಳ್ರಿ."

ಅಲ್ಲಿಂದ ನೇರ ಪೇಟೆಗೆ ನಡೆದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಕುಕ್ಕರನ್ನು ಇಳಿಸಲು ಹೇಳಿ ಕೊಂಡುಕೊಂಡಳು. ಹೊತ್ತವಳು ನಾನು. ಬಲಗೈ ಬೀಸುತ್ತ ಅವ್ವ ಮುಂದೆ ಮುಂದೆ ನಡೆದಳು.