ಐಸ್‌ಕ್ರೀಮ್ ಫ್ರೀಜರಿನಲ್ಲಿಟ್ಟ ಔಷಧ

2009ರಲ್ಲಿ ನಾನು ಡೊಂಬಿವಲಿಯ ಒಂದು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯನಾಗಿದ್ದೆ. ಹತ್ತಿರದ ದಿವಾದಿಂದ ಬರುತ್ತಿದ್ದ ಎರಡು ವರ್ಷದ ಪ್ರಥಮನ ದೇಹದಲ್ಲಿ ಹುಟ್ಟಿನಿಂದಲೇ ಆ್ಯಂಟಿಬಾಡಿಗಳು, ಅಂದರೆ ರೋಗಾಣುಗಳನ್ನು ತಡೆಯುವ ಪ್ರೋಟೀನುಗಳು, ತಯಾರಾಗುತ್ತಿರಲಿಲ್ಲ. ತಾಯಿಯಿಂದ ಗಂಡುಮಕ್ಕಳಿಗೆ ಬರುವ ದೋಷವಿದು. ಅವನ ತಾಯಿಯ ತಮ್ಮನೊಬ್ಬ ಹೀಗೆಯೇ ಹಸುಗೂಸಾಗಿದ್ದಾಗ ತೀರಿಹೋಗಿದ್ದನಂತೆ. ಕಾಯಿಲೆ ಪತ್ತೆಯಾದ ವಾರವೇ ಪ್ರಥಮನ ಅಕ್ಕನಿಗೆ ದಡಾರ ಬಂತು.

ಬೇರೆ ಮಕ್ಕಳಿಗೆ ಜ್ವರ ಬಂದು ಹೋಗಬಹುದು. ಇವನಿಗೆ ಪ್ರಾಣಕ್ಕೇ ಸಂಚಕಾರ. ದಾನಿಗಳ ರಕ್ತದಿಂದ ಪಡೆದ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಆ್ಯಂಟಿಬಾಡಿಗಳನ್ನು, ವೈರಸ್ ತಲೆಯೆತ್ತುವ ಮೊದಲೇ, ಡ್ರಿಪ್ ಮೂಲಕ ಕೊಡಬೇಕಿತ್ತು.

ಪ್ರಥಮನ ಸೋದರಮಾವ ಸದಾನಂದರದು ಸ್ಟೇಷನ್ ಹತ್ತಿರ ಉಡುಪಿ ಹೋಟೆಲು. ಸಂಜೆ ಅವರೇ ದೂರದ ಸಾನಪಾಡಾದ ಔಷಧದಂಗಡಿಯಿಂದ ಬಾಟಲಿಗಳನ್ನು ತಂದರು. ಬೆಳಿಗ್ಗೆಯವರೆಗೆ ಫ್ರಿಜ್ಜಿನಲ್ಲಿಡಿ ಎಂದು ನಾನೂ ಹೇಳಿದ್ದೆ, ಅಂಗಡಿಯವರೂ ಹೇಳಿದ್ದರು. ಆದರೆ ಹೋಟೆಲಿನವರ ಲೆಕ್ಕವೇ ಬೇರೆ: ಫ್ರಿಜ್ಜು ದಿನದ ಹಾಲಿಗೆ, ಜೋಪಾನದ ವಸ್ತು ಫ್ರೀಜರಿಗೆ. ಐಸ್‌ಕ್ರೀಮಿನ ಡಬ್ಬಗಳನ್ನೆಲ್ಲ ಹೊರಗೆ ತೆಗೆದು, ಬಾಟಲಿಗಳನ್ನು ತಳದಲ್ಲಿಟ್ಟು ಬೀಗ ಹಾಕಿದ್ದರು. ಬೆಳಿಗ್ಗೆ ಹೆಮ್ಮೆಯಿಂದ ನನ್ನ ಕೈಗಿಟ್ಟಾಗ ಬಾಟಲಿಗಳು ಕಲ್ಲಾಗಿದ್ದವು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಿಂದಿನ ರಾತ್ರಿಯ ಡ್ಯೂಟಿ ಮುಗಿಸಿ ನಿಂತಿದ್ದ ನನಗೆ ರೇಗಲೂ ತ್ರಾಣವಿರಲಿಲ್ಲ.

"ಕರಗಿಸಿ ಕೊಡ್ಲಿಕ್ಕೆ ಆಗುದಿಲ್ವಾ ಡಾಕ್ಟ್ರೇ?" ಎಂದರು.

ಹೆಪ್ಪುಗಟ್ಟಿದ ಪ್ರೋಟೀನು ಕೆಡುತ್ತದೆ, ಅದನ್ನು ರಕ್ತಕ್ಕೆ ಬಿಟ್ಟರೆ ಅಪಾಯ ಎಂದೆ. ಅವರು ಪ್ರಥಮನ ತಾಯಿಯ ಮುಖ ನೋಡಲಾರದೆ ಹೊರಟೇಬಿಟ್ಟರು. ಥಾಣೆಯಲ್ಲಿ ಗಾಡಿ ಬದಲಿಸಿ ಮತ್ತೆ ಸಾನಪಾಡಾಕ್ಕೆ ಹೋಗಿ, ಮಧ್ಯಾಹ್ನ ಥರ್ಮೊಕೋಲ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದರು. ಸಂಜೆಯವರೆಗೆ ಡ್ರಿಪ್ ಹನಿಹನಿಯಾಗಿ ಇಳಿಯಿತು.

ನಂತರದ ದಿನಗಳಲ್ಲಿ ಪ್ರತಿ ಬೆಳಿಗ್ಗೆ ದಡಾರ ಮೊದಲು ಕಾಣಿಸುವ ಕಡೆ, ಮಗುವಿನ ಕಿವಿಯ ಹಿಂದೆ, ಕೆಂಪು ದದ್ದು ಹುಡುಕುತ್ತಿದ್ದೆ. ಏಳಲಿಲ್ಲ. ದಡಾರ ಬರಬಹುದಾದ ಅವಧಿ ಮುಗಿದಾಗ ಸದಾನಂದರು ನಗುತ್ತಾ, ಇನ್ನು ಭಯವಿಲ್ಲವಲ್ಲ ಎಂದು ಕೇಳಿದರು. ನನಗೆ ತೀರಾ ಬೇಸರವಾಗುತ್ತಿದ್ದುದು ಇಂಥ ಹೊತ್ತಿನಲ್ಲೇ. ಇವು ಪರರ ಆ್ಯಂಟಿಬಾಡಿಗಳು, ಕೆಲವು ವಾರಗಳಲ್ಲಿ ಸವೆದುಹೋಗುತ್ತವೆ. ತಿಂಗಳಿಗೊಮ್ಮೆ, ಜೀವನಪೂರ್ತಿ ಕೊಡಬೇಕು ಎಂದೆ. ಪ್ರಥಮನ ತಾಯಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

ರೋಗಿಗೆ ಪೂರ್ತಿ ಸತ್ಯ ಹೇಳಬೇಕು, ಹೇಳಿದ ಮೇಲೆ ಅಲ್ಲೇ ಕೂತಿರಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಅಂದು ಕೂತಿದ್ದರಿಂದಲೇ ಸದಾನಂದರು ತಂಗಿಗೆ ಹೇಳಿದ ಮಾತು ನನ್ನ ಕಿವಿಗೂ ಬಿತ್ತು.

"ಹೋಟೆಲಿಗೆ ಹಾಲು ದಿನಾ ತರುದಿಲ್ವಾ ನಾನು? ಇದು ತಿಂಗಳಿಗೊಮ್ಮೆ ಅಲ್ವಾ ಮಾರಾಯ್ತಿ."