ಎಲೆಯ ಬಗ್ಗೆ ಸಂಪಾದಕರಿಗೊಂದು ಪತ್ರ

ಸವಣೂರಿನ ಕಾಲೇಜಿನಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದ ಮೇಡಂ ಸಂಶೋಧನಾ ಪತ್ರಿಕೆಗಳನ್ನು ಕೈಯಲ್ಲಿ ಪೆನ್ಸಿಲ್ ಹಿಡಿದೇ ಓದುತ್ತಿದ್ದರು. ಅನುಮಾನ ಬಂದರೆ ಕನ್ನಡಕವನ್ನು ಹಣೆಗೇರಿಸಿ, “ಕೇಳಿದ್ರ ತಪ್ಪೇನೈತಿ?” ಎನ್ನುತ್ತ ಸಂಪಾದಕರಿಗೆ ಪತ್ರ ಬರೆಯಲು ಕೂರುತ್ತಿದ್ದರು.

ಒಮ್ಮೆ ವೀಳ್ಯದೆಲೆ ಬಳ್ಳಿಯ ರೋಗದ ಕುರಿತ ಲೇಖನದಲ್ಲಿ ಕಾಳುಮೆಣಸಿನ ಎಲೆಯ ಚಿತ್ರ ಅಚ್ಚಾಗಿತ್ತು. ಬಳ್ಳಿ ಒಣಗುವುದು ಶಿಲೀಂಧ್ರದಿಂದ ಎಂಬ ಮಾತೂ ಅವರಿಗೆ ಒಪ್ಪಿಗೆಯಾಗಲಿಲ್ಲ. ನೀರು ಹೆಚ್ಚಾಗಿದ್ದೇ ಕಾರಣ ಎಂದು ಬರೆಸಿದರು. ಟೈಪ್ ಮಾಡುತ್ತಿದ್ದ ನಾನು “ಇಷ್ಟೂ ಗೊತ್ತಿಲ್ಲದವರು” ಎಂದು ಸೇರಿಸಿದ್ದನ್ನು ಮೇಡಂ ತೆಗೆಸಿದರು.

“ಎಲಿ ಬಗ್ಗೆ ಬರಿ, ಮಂದಿ ಬಗ್ಗೆ ಬ್ಯಾಡ.”

ಕೆಲವು ತಿಂಗಳ ಮೇಲೆ ಪತ್ರ ಅಚ್ಚಾಯಿತು. ಅದರ ಕೆಳಗೇ ಸಂಶೋಧಕರ ಉತ್ತರವಿತ್ತು: ಚಿತ್ರ ತಪ್ಪಾಗಿದ್ದು ನಿಜ, ಆದರೆ ಶಿಲೀಂಧ್ರದ ಮಾತು ಸರಿಯೇ. ಪುರಾವೆಯನ್ನೂ ಕೊಟ್ಟಿದ್ದರು. ಮೇಡಂ ಎರಡು ಸಲ ಓದಿ ನಕ್ಕರು.

“ಅವರು ಹೇಳೂದು ಖರೇನ ಐತಿ. ನಡಿ, ತೋಟಕ್ಕ ಹೋಗೂಣು.”

ಔಷಧಿ ಬೇಡ, ನೀರು ಕಡಿಮೆ ಮಾಡಿದರೆ ಸಾಕು ಎಂದು ಊರಾಚೆಯ ಎಲೆತೋಟದ ಯಜಮಾನರಿಗೆ ಅವರು ಮೊದಲೇ ಹೇಳಿಬಿಟ್ಟಿದ್ದರು.

“ನಾ ಹೇಳಿದ್ದು ತಪ್ಪಾತ್ರಿ ಯಜಮಾನ್ರ. ಬಳ್ಳಿಗೆ ಔಷಧಾನೂ ಹಾಕಬೇಕ್ರಿ,” ಎಂದರು ಮೇಡಂ.

“ಇಷ್ಟ ಹೇಳಾಕ ಈ ಬಿಸಲಾಗ ನಡಕೋಂತ ಬಂದ್ರ್ಯಾ?” ಎಂದು ಯಜಮಾನರು ಬೆರಗಾದರು.

“ಮತ್ತ? ಆ ಪತ್ರಿಕಾ ನಿಮ್ಮ ತೋಟಕ್ಕ ಬರೂದಿಲ್ಲಲ್ರಿ.”